ಹಾಲುತೊಂಡೆ ಹುಳುವಿನ ಇನ್ನೊಂದು ಕಥೆ

ನಂಜನಗೂಡು, ತಿ. ನರಸೀಪುರದ ಕಡೆ ರೇಷ್ಮೆ ಹುಳು ಸಾಕುವ ಮನೆಯವರಿಗೆ ಹಾಲುತೊಂಡೆ ರೋಗವೆಂದರೆ ಬಿಡಿಸಿ ಹೇಳಬೇಕಾಗಿಲ್ಲ. ಹುಳು ಊದಿಕೊಂಡು, ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಹಣ್ಣಾಗುವ ಹೊತ್ತಿಗೆ ಹೀಗಾದರೆ ತಿಂಗಳ ದುಡಿಮೆ ತಿಪ್ಪೆ ಸೇರಿತು ಅನ್ನಿ.

ಆ ಹಾಲಿನಲ್ಲಿರುವುದು ಕಣ್ಣಿಗೆ ಕಾಣದ ಹರಳುಗಳು. ರೋಗದ ವೈರಸ್ಸು ಹುಳುವಿನ ಜೀವಕೋಶದಿಂದ ಒಂದೇ ಪ್ರೋಟೀನನ್ನು ರಾಶಿರಾಶಿ ಮಾಡಿಸಿ, ಅದರೊಳಗೆ ತಾನು ಅಡಗಿ ಕೂರುತ್ತದೆ. ಆ ಪ್ರೋಟೀನಿನ ಜೀನು ತೆಗೆದು ಮನುಷ್ಯರ ಪ್ರೋಟೀನಿನ ಜೀನು ಕೂರಿಸಿದರೆ? ವಿಜ್ಞಾನಿಗಳು ಮಾಡಿದ್ದು ಇದನ್ನೇ. ಹೊಸ ಜೀನನ್ನು ವೈರಸ್ಸಿಗೆ ಸಾಗಿಸುವುದು ಪ್ಲಾಸ್ಮಿಡ್, ಬಳೆಯಂತೆ ದುಂಡಗಿನ ಡಿಎನ್‌ಎ. ಪ್ರೋಟೀನಿಗೆ ಆರು ಹಿಸ್ಟಿಡಿನ್‌ಗಳ ಪುಟ್ಟ ಬಾಲವನ್ನೂ ಅಂಟಿಸುವುದುಂಟು. ಬಾಲ ನಿಕ್ಕಲ್ಲಿಗೆ ಕಚ್ಚಿಕೊಳ್ಳುತ್ತದೆ, ಉಳಿದ ಕಸವನ್ನು ತೊಳೆದುಬಿಡಬಹುದು. ನಾವು ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕಿಂತ ಸಲೀಸು!

1985ರಲ್ಲಿ ಜಪಾನಿನವರು ರೇಷ್ಮೆ ಹುಳುವಿನಿಂದಲೇ ಮನುಷ್ಯರ ಇಂಟರ್‌ಫೆರಾನ್ ಮಾಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಅವರ ತಂಡವೂ ಇದೇ ವೈರಸ್ಸನ್ನು ಹೀಗೆ ಪಳಗಿಸುವ ಕೆಲಸ ಮಾಡಿತು.

ಹಾಗಂತ ನಿಮ್ಮ ತಟ್ಟೆಯ ರೋಗದ ಹುಳುವಿಗೆ ಯಾರೂ ಬೆಲೆ ಕಟ್ಟುವುದಿಲ್ಲ ಕಣ್ರೀ. ಅದು ಮನುಷ್ಯರಿಗೆ ತಗಲದು, ನಿಜ. ಆದರೂ ಕಂಡ ಕೂಡಲೇ ಆರಿಸಿ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಹಾಕಿ, ಆಮೇಲೆ ದೂರದಲ್ಲಿ ಹೂಳಿ. ಕೋಳಿಗೆ ಮಾತ್ರ ಎಸೆಯಬೇಡಿ. ಆ ಹರಳು ಮಣ್ಣಿನಲ್ಲಿ ಬಹುಕಾಲ ಕೆಡದೆ ಉಳಿದು, ಮುಂದಿನ ಬೆಳೆಯ ಹುಳುವಿಗೂ ತಗಲುತ್ತದೆ.