ಕಡಲಿಗೆ ಭಾನುವಾರವಿಲ್ಲ

ಕಡಲಿಲ್ಲದ ಊರಿನ ಪತ್ರಿಕೆಗೆ ಕಡಲಿನ ಮಾತೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವವರು ಒಂದು ಶನಿವಾರ ರಾತ್ರಿ ಆಲ್ಕೊಳದ ಸರ್ಕಲ್ಲಿನಲ್ಲಿ ಅರ್ಧ ಗಂಟೆ ನಿಂತು ನೋಡಲಿ. ಪಾಳಿ ಮುಗಿಸಿ ಬಂದ ಹುಡುಗರು, ಅಂಗಡಿಯ ಬಾಗಿಲೆಳೆದು ಹೊರಟ ಸಣ್ಣ ವ್ಯಾಪಾರಿಗಳು, ಬೈಕಿಗೆ ಗಾಳದ ಕೋಲು ಕಟ್ಟಿಕೊಂಡು ಸಾಗರದ ರಸ್ತೆ ಹಿಡಿಯುವುದನ್ನು ಕಾಣಬಹುದು. ಜೋಗ ದಾಟಿ, ಗೇರುಸೊಪ್ಪೆಯ ಘಟ್ಟವಿಳಿದು, ಬೆಳಕು ಹರಿಯುವುದರೊಳಗೆ ಇವರು ಹೊನ್ನಾವರದಲ್ಲಿರುತ್ತಾರೆ. ಅಲ್ಲಿಂದ ಕೆಲವರು ಮುರುಡೇಶ್ವರದ ಬಂಡೆಗಳಿಗೆ ಹೋಗುತ್ತಾರೆ. ತೀರ್ಥಹಳ್ಳಿ-ಆಗುಂಬೆಯ ದಾರಿಯಾಗಿ ಮಲ್ಪೆಗೆ ಹೋಗುವವರು ಬೇರೆ. ಭಾನುವಾರ ಸಂಜೆ ಹೊರಟು, ಘಟ್ಟ ಹತ್ತಿ, ಸೋಮವಾರದ ಮೊದಲ ಪಾಳಿಗೆ ಗೇಟಿನ ಮುಂದೆ ಹಾಜರಾಗುತ್ತಾರೆ.

ಇದು ದುಡಿಯುವವರ ನ್ಯಾಯವಾದ ಸಂತೋಷ. ಇದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ವಾರಕ್ಕೆ ಒಂದೇ ದಿನ ರಜೆಯುಳ್ಳವನು ಆ ದಿನವನ್ನು ಸಿನಿಮಾಕ್ಕೆ ಕೊಡಲಿ, ಗಾಳಕ್ಕೆ ಕೊಡಲಿ, ಅದು ಅವನ ಸ್ವಂತ ವಿಷಯ. ಆದರೆ ಇಲ್ಲೊಂದು ತೊಡಕಿದೆ. ಕಡಲ ದಡದಲ್ಲಿರುವವನು ಗಾಳಿ ಸರಿಯಿಲ್ಲವೆಂದರೆ ಗಾಳವನ್ನು ಮೂಲೆಗಿಟ್ಟು ಮಾರನೆಯ ದಿನ ಹೋಗುತ್ತಾನೆ. ನಮ್ಮ ಮಾಚೇನಹಳ್ಳಿಯ ಕಾರ್ಖಾನೆಯ ಹುಡುಗನಿಗೆ ಮಾರನೆಯ ದಿನವೆಂಬುದಿಲ್ಲ. ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ, ಪೆಟ್ರೋಲಿಗೆ ಐದು ನೂರು ಸುರಿದು ಬಂದವನು, ಅಲೆ ಎದ್ದಿದೆ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಹಿಂದಿರುಗುವುದು ಸುಲಭವಲ್ಲ. ಕೆಟ್ಟ ದಿನದಲ್ಲೂ ಬಂಡೆಯ ಮೇಲೆ ನಿಲ್ಲುವಂತೆ ಅವನನ್ನು ಒತ್ತಾಯಿಸುವುದು ಮೀನಿನ ಆಸೆಗಿಂತ ಹೆಚ್ಚಾಗಿ ಈ ಒಂದೇ ರಜೆ. ಆದುದರಿಂದ ಹೋಗುವುದೋ ಬೇಡವೋ ಎಂಬ ತೀರ್ಮಾನ ಆಗಬೇಕಾದದ್ದು ಆಲ್ಕೊಳದಲ್ಲಿ, ಶನಿವಾರ ಸಂಜೆಯೇ. ಬಂಡೆಯ ಮೇಲೆ ನಿಂತ ನಂತರವಲ್ಲ.

ನಮ್ಮವರು ಪಳಗಿರುವುದು ತುಂಗೆಯಲ್ಲಿ, ಭದ್ರೆಯಲ್ಲಿ, ನಾಲೆಗಳಲ್ಲಿ. ಹೊಳೆ ಒಂದೇ ಕಡೆಗೆ ಹರಿಯುತ್ತದೆ. ಏರುವ ಮೊದಲು ನೀರಿನ ಬಣ್ಣ ತಿರುಗಿಸಿ ಸೂಚನೆ ಕೊಡುತ್ತದೆ. ಈ ಲೆಕ್ಕವನ್ನು ಕಡಲಿಗೆ ಒಯ್ಯಕೂಡದು. ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಏರುವುದಕ್ಕೆ ಕರಾವಳಿಯವರು ಭರತವೆನ್ನುತ್ತಾರೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಎಂದರೆ ಇಂದಿನ ಭರತ ನಾಳೆ 50 ನಿಮಿಷ ತಡವಾಗಿ ಬರುತ್ತದೆ. ಈಗ ಭಾನುವಾರದ ಗಿರಾಕಿಗಳು ಲೆಕ್ಕ ಹಾಕಿ ನೋಡಲಿ. ಏಳು ದಿನಕ್ಕೆ 350 ನಿಮಿಷ, ಹೆಚ್ಚುಕಡಮೆ ಆರು ಗಂಟೆ. ಕಳೆದ ಭಾನುವಾರ ಬೆಳಿಗ್ಗೆ ಆರಕ್ಕೆ ಯಾವ ಬಂಡೆಯ ಬುಡಕ್ಕೆ ನೀರು ಬಡಿಯುತ್ತಿತ್ತೋ, ಈ ಭಾನುವಾರ ಅದೇ ಆರು ಗಂಟೆಗೆ ಅದೇ ಬಂಡೆಗೆ ನಡೆದುಕೊಂಡು ಹೋಗಬಹುದು. ಹಾಗೆ ಒಣಗಾಲಲ್ಲಿ ಹೋದವನು ಗಾಳ ಬಿಟ್ಟು ಕುಳಿತರೆ, ಎರಡು ಮೂರು ಗಂಟೆಯೊಳಗೆ ಹಿಂದಿನ ದಾರಿಯೇ ಮುಳುಗಿರುತ್ತದೆ. ಹೋದ ವಾರ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಒಂದು ಭಾನುವಾರ ಬಿಟ್ಟು ಮುಂದಿನದು ಮಾತ್ರ ಹೆಚ್ಚುಕಡಮೆ ಮೊದಲಿನಂತೆ.

ಇದಕ್ಕೆ ಯಂತ್ರವೇನೂ ಬೇಡ, ಅಡಿಗೆಮನೆಯ ಗೋಡೆಯ ಕ್ಯಾಲೆಂಡರು ಸಾಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು; ನಮ್ಮ ಕರಾವಳಿಯಲ್ಲಿ ಆಗ ಭರತ ಬರುವುದು ಸುಮಾರಾಗಿ ನಡುಹಗಲು, ನಡುರಾತ್ರಿಯ ಹೊತ್ತಿಗೆ. ಬೆಳಗಿನ ಜಾವಕ್ಕೆ ನೀರು ಏರಲು ತೊಡಗಿರುತ್ತದೆ. ಮೀನು ಆ ಏರುವ ನೀರಿನೊಡನೆ ದಡಕ್ಕೆ ಮೇಯಲು ಬರುತ್ತದೆಂಬುದು ಗಾಳ ಹಾಕುವವರ ಹಳೆಯ ಅನುಭವ. ಅಷ್ಟಮಿಯ ಹೊತ್ತಿಗೆ ಏರಿಳಿತ ಸಣ್ಣದು, ನೀರಿನ ಓಟ ಕಡಮೆ. ಹೊಸಬರಿಗೆ ಆ ಭಾನುವಾರಗಳೇ ಮೇಲು. ಗುಜರಾತಿನ ಖಂಭಾತದಲ್ಲಿ ಕಡಲು 10 ಮೀಟರಿನಷ್ಟು ಏರುತ್ತದೆ. ನಮ್ಮಲ್ಲಿ ಒಂದೂವರೆ ಮೀಟರಿನ ಆಸುಪಾಸು. ಇದೇನು ಮಹಾ ಎನ್ನಬೇಡಿ. ಎದೆಮಟ್ಟದ ನೀರಿಗೆ ಅಷ್ಟೇ ಸಾಕು.

ಗಾಳಿಯ ವಿಷಯ ಇದಕ್ಕಿಂತ ಸುಲಭ. ಮಳೆಗಾಲ ಕಳೆದ ಮೇಲೆ, ನವೆಂಬರಿನಿಂದ ಮಾರ್ಚಿಯವರೆಗೆ, ಬೆಳಗಿನಲ್ಲಿ ಘಟ್ಟದ ಕಡೆಯಿಂದ ತಣ್ಣನೆಯ ಗಾಳಿ ಕಡಲಿಗೆ ಬೀಸುತ್ತದೆ. ನೀರು ತಟ್ಟೆಯಂತೆ ಇರುತ್ತದೆ. ಮಧ್ಯಾಹ್ನವಾಗುತ್ತಲೂ ಗಾಳಿ ತಿರುಗಿ ಕಡಲಿನಿಂದ ಬರತೊಡಗುತ್ತದೆ, ಅಲೆ ಚೂಪಾಗುತ್ತದೆ, ಬಿಟ್ಟ ದಾರ ಹಿಂದಕ್ಕೆ ಬಂದು ಬೀಳುತ್ತದೆ. ಹತ್ತು ಹನ್ನೊಂದು ಗಂಟೆಗೆ ಗಾಳ ಸುತ್ತಿ ಇಡುವುದು ಜಾಣತನ.

ನಾವು ಹೆಚ್ಚು ಹೇಳಬೇಕಾಗಿರುವುದು ಅಲೆಯ ವಿಷಯ. ಪ್ರಕಟಣೆಯಲ್ಲಿ ‘ಅಲೆಯ ಎತ್ತರ 2 ಮೀಟರ್’ ಎಂದಿದ್ದರೆ, ಎಲ್ಲ ಅಲೆಗಳೂ ಎರಡೇ ಮೀಟರೆಂದು ನಂಬುವವರುಂಟು. ಹಾಗಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೆಯ ಒಂದು ಪಾಲಿನ ಸರಾಸರಿ ಅದು. ಗಂಟೆಗಟ್ಟಲೆ ನಿಂತವನಿಗೆ ಅದರ ಇಮ್ಮಡಿ ಎತ್ತರದ ಒಂದು ಅಲೆಯೂ ಎದುರಾಗಬಹುದು. ಬಂಡೆಯ ಮೇಲಿದ್ದವನನ್ನು ಒಯ್ಯುವುದು ಆ ಒಂದೇ ಅಲೆ. ಎತ್ತರದ ಜೊತೆಗೆ, ಅಲೆಗೂ ಅಲೆಗೂ ನಡುವೆ ಎಷ್ಟು ಸೆಕೆಂಡು ಎಂಬುದನ್ನೂ ನೋಡಬೇಕು. ಐದಾರು ಸೆಕೆಂಡಿನದು ಹತ್ತಿರದ ಗಾಳಿ ಎಬ್ಬಿಸಿದ ಅಲೆ. ಹದಿನೈದು, ಹದಿನೆಂಟು ಎಂದಿದ್ದರೆ ಅದು ಬಲು ದೂರದಿಂದ, ದಕ್ಷಿಣ ಹಿಂದೂ ಮಹಾಸಾಗರದ ತೂಫಾನಿನಿಂದ ಹೊರಟು, ಸಾವಿರಾರು ಕಿಲೋಮೀಟರನ್ನು ಕೆಲವು ದಿನಗಳಲ್ಲಿ ದಾಟಿ ಬಂದ ಅಲೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆಕಾಶ ತಿಳಿಯಾಗಿರುತ್ತದೆ. ಆದರೂ ಕಡಲು ಇದ್ದಕ್ಕಿದ್ದಂತೆ ದಡದೊಳಕ್ಕೆ ನುಗ್ಗುತ್ತದೆ. ಕೇರಳದ ಬೆಸ್ತರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇದರ ಭಯ ಹೆಚ್ಚು. ವಿಜ್ಞಾನಿಗಳು ಇಂದು ಇದೇ ಬೆಸ್ತರ ಮಾತನ್ನೇ ಬಳಸುತ್ತಾರೆಂಬುದು ನಮಗೆ ಸಂತೋಷದ ವಿಷಯ.

ನಮ್ಮ ಬಳಗದ ಒಬ್ಬರು ಇಂತಹ ಒಂದು ತಿಳಿಯಾದ ಬೆಳಿಗ್ಗೆ ಚಪ್ಪಲಿ, ಊಟದ ಡಬ್ಬಿ, ಹೊಸ ಗಾಳದ ಕೋಲು ಮೂರನ್ನೂ ಕಡಲಿಗೆ ಒಪ್ಪಿಸಿ, ಮೊಣಕಾಲು ಸುಲಿದುಕೊಂಡು ಬಂದರು. ಬಂಡೆಗೆ ಹೋಗುವ ಮೊದಲು ದಡದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದ್ದರೆ, ಆ ಬಂಡೆಯ ನೆತ್ತಿ ಒದ್ದೆಯಾಗಿದ್ದುದು ಕಾಣುತ್ತಿತ್ತೆಂದು ಅವರೇ ಈಗ ಹೇಳುತ್ತಾರೆ. ಒದ್ದೆಯಾದ ಬಂಡೆ ಎಂದರೆ ಅಲೆ ಅಲ್ಲಿಯವರೆಗೆ ಬಂದು ಹೋಗಿದೆ ಎಂದೇ ಅರ್ಥ.

ಒಳ್ಳೆಯ ಹವೆಯ ತಿಂಗಳುಗಳೂ ಅಪಾಯಕ್ಕೆ ಹೊರತಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ 4 ಮಂದಿ ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವಾಗಿರಲಿಲ್ಲ. ಇನ್ನು ಮಳೆಗಾಲವೋ, ಆಗ ಬಂಡೆಯ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಕೂಡದೆಂದು ಸರ್ಕಾರದ ನಿಷೇಧವಿದೆ. ನಾಡದೋಣಿಗೆ ಮಾತ್ರ ವಿನಾಯಿತಿ. ಮೀನು ಮರಿಮಾಡುವ ಕಾಲವೆಂಬುದು ನಿಷೇಧಕ್ಕೆ ಮುಖ್ಯ ಕಾರಣ. ದೊಡ್ಡ ಬೋಟುಗಳೇ ಬಂದರಿನಲ್ಲಿ ಕಟ್ಟಿರುವಾಗ, ಶಿವಮೊಗ್ಗದಿಂದ ಹೋದವನು ಪಾಚಿಗಟ್ಟಿದ ಕಲ್ಲಿನ ಮೇಲೆ ನಿಂತು ಸಾಹಸ ತೋರಿಸಬೇಕಾಗಿಲ್ಲ. ಅಳಿವೆಯ ಒಳಗೆ, ಹಿನ್ನೀರಿನಲ್ಲಿ, ಊರವರು ತೋರಿಸಿದ ಕಡೆ ಗಾಳ ಹಾಕಬಹುದು.

ಇಷ್ಟೆಲ್ಲ ತಿಳಿಯುವುದು ಎಲ್ಲಿಂದ? ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಿದೆ, ಇನ್‌ಕಾಯ್ಸ್ ಎಂದು ಅದರ ಹೆಸರು, 1999ರಲ್ಲಿ ಸ್ಥಾಪನೆಯಾದದ್ದು. ಅಲೆಯ ಎತ್ತರ, ಗಾಳಿ, ಪ್ರವಾಹ, ಕಳ್ಳಕ್ಕಡಲಿನ ಮುನ್ಸೂಚನೆ, ಎಲ್ಲವನ್ನೂ ಅದು ಕೊಡುತ್ತದೆ. ಹವಾಮಾನ ಇಲಾಖೆ ಗಾಳಿ-ಮಳೆಯ ಎಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಹೊರಡಿಸುತ್ತದೆ. ಇನ್‌ಕಾಯ್ಸ್ ಇನ್ನೂ ಒಂದು ಕೆಲಸ ಮಾಡುತ್ತದೆ. ಉಪಗ್ರಹದಿಂದ ನೀರಿನ ಶಾಖವನ್ನೂ ಹಸುರನ್ನೂ ಅಳೆದು, ಮೀನು ಎಲ್ಲಿ ಕೂಡಿರಬಹುದೆಂದು, ಯಾವ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳವೆಂದು ಕನ್ನಡದಲ್ಲಿಯೂ ತಿಳಿಸುತ್ತದೆ. ಇದು ದೊಡ್ಡ ಕೆಲಸವೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ಲಾಭ ಯಾರಿಗೆ? ಮೀನಿರುವ ಜಾಗ ದಡದಿಂದ ನಲವತ್ತು-ಐವತ್ತು ಕಿಲೋಮೀಟರಿನಾಚೆ ಎಂದರೆ, ಅಲ್ಲಿಗೆ ಮುಟ್ಟುವುದು ಡೀಸೆಲ್ ತುಂಬಿಸಬಲ್ಲ ದೊಡ್ಡ ಬೋಟು. ನಾಡದೋಣಿಯವನಿಗೆ ಆ ಸುದ್ದಿ ಗೋಡೆಯ ಮೇಲಿನ ಚಿತ್ರ. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದಾಗ, ಊರಿಗೆ ಊರೇ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆಗೆ ಬಿದ್ದುದನ್ನು ಕರಾವಳಿಯ ಹಿರಿಯರು ಮರೆತಿಲ್ಲ. ಹೊಸ ವಿದ್ಯೆ ಬಂದಾಗಲೆಲ್ಲ ಅದು ಮೊದಲು ಸೇರುವುದು ಉಳ್ಳವನ ಕೈಗೆ.

ಮೀನಿನ ಸುದ್ದಿ ಹಾಗಿರಲಿ. ಅಪಾಯದ ಸುದ್ದಿಯಾದರೂ ಎಲ್ಲರಿಗೂ ಸಮನಾಗಿ ತಲುಪಬೇಕಲ್ಲವೆ? ಅದನ್ನು ತಯಾರಿಸಿದ ಹಣ ಪ್ರಜೆಗಳದು. ಫೋನಿನಲ್ಲಿ ಹುಡುಕಿದರೆ ಸಿಕ್ಕುತ್ತದೆಂದು ಅಧಿಕಾರಿಗಳು ಉತ್ತರ ಕೊಟ್ಟಾರು. ಹುಡುಕಬೇಕೆಂದು ಗೊತ್ತಿದ್ದವನಿಗೆ ಸಿಕ್ಕುತ್ತದೆ, ನಿಜ. ಗೊತ್ತಿಲ್ಲದವನೇ ಬಂಡೆಯ ಮೇಲೆ ನಿಲ್ಲುವುದು. ನಮ್ಮ ಬೇಡಿಕೆ ದೊಡ್ಡದೇನಲ್ಲ. ಭದ್ರಾವತಿಯ ಆಕಾಶವಾಣಿ ಶನಿವಾರ ಸಂಜೆ ಐದು ನಿಮಿಷ ಬಿಡಲಿ. ನಾಳೆ ಹೊನ್ನಾವರದಲ್ಲಿ, ಮಲ್ಪೆಯಲ್ಲಿ ಭರತವೆಷ್ಟು ಗಂಟೆಗೆ, ಅಲೆ ಎಷ್ಟು, ಗಾಳಿ ಎಷ್ಟು ಎಂದು ಆಡುಮಾತಿನಲ್ಲಿ ಓದಲಿ. ‘ಪ್ರಕ್ಷುಬ್ಧ’ವೆಂಬ ಪದ ಬೇಡ, ‘ನಾಳೆ ಬಂಡೆಗೆ ಹೋಗಬೇಡಿ’ ಎನ್ನಲಿ. ಗಾಳ ಹಾಕುವವರು ಸೇರುವ ಪ್ರತಿಯೊಂದು ದಡದಲ್ಲೂ ಆ ದಿನದ ಭರತದ ಹೊತ್ತನ್ನು ಸುಣ್ಣದಲ್ಲಿ ಬರೆದ ಒಂದು ಹಲಗೆ ಇರಲಿ. ಜೀವರಕ್ಷಕರ ಕೆಲಸಕ್ಕೆ ಬೆಸ್ತರ ಮಕ್ಕಳನ್ನೇ ಕಾಯಮ್ಮಾಗಿ ನೇಮಿಸಿ, ವರ್ಷವಿಡೀ ಸಂಬಳ ಕೊಡಲಿ. ಆ ದಡದ ಸೆಳೆತ ಅವರಿಗೆ ಗೊತ್ತಿರುವಂತೆ ಮತ್ತಾರಿಗೂ ಗೊತ್ತಿಲ್ಲ.

ಈ ಕಡಲಿನೊಡನೆ ನಮಗೆ ಇನ್ನೂ ಒಂದು ನಂಟಿದೆ, ಇದನ್ನು ನಮ್ಮಲ್ಲಿ ಬಹಳ ಮಂದಿ ಎಣಿಸುವುದಿಲ್ಲ. ಶರಾವತಿ ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಹೊಳೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆಯಿತು. ಅಲ್ಲಿಂದೀಚೆಗೆ ವಿದ್ಯುತ್ತು ತೆಗೆದು ಬಿಡುವ ನೀರು ಬೇಸಿಗೆಯಲ್ಲಿಯೂ ಅಳಿವೆಗೆ ಹರಿಯುತ್ತಿದೆ. ಉಪ್ಪು ಇರಬೇಕಾದಲ್ಲಿ ಸಿಹಿನೀರು ಸೇರಿದರೆ ಉಪ್ಪುನೀರಿನ ಮೀನೂ ಚಿಪ್ಪೂ ಹಿಂದೆ ಸರಿಯುತ್ತವೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ, ಶರಾವತಿಯದಕ್ಕಿಂತ ಮೀನಿನಲ್ಲೂ ಚಿಪ್ಪಿನಲ್ಲೂ ಸಮೃದ್ಧವೆಂದು ಅಧ್ಯಯನ ಮಾಡಿದವರು ತೋರಿಸಿದ್ದಾರೆ. ನಮ್ಮ ಗಿರಣಿಯ ಚಕ್ರ ತಿರುಗಿಸಿದ ಕರೆಂಟಿನ ಬೆಲೆಯಲ್ಲಿ ಒಂದು ಪಾಲನ್ನು ಹೊನ್ನಾವರದ ಚಿಪ್ಪು ಆರಿಸುವವರು ತೆತ್ತಿದ್ದಾರೆಂದರೆ ತಪ್ಪಾಗದು. ಅಲ್ಲಿಗೆ ಹೋದಾಗ ಅವರ ಬಲೆಯ ಮೇಲೆ ಗಾಳ ಎಸೆಯದಿರುವಷ್ಟು ಮರ್ಯಾದೆಯನ್ನಾದರೂ ನಾವು ಇಟ್ಟುಕೊಳ್ಳಬೇಕು. ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಟ್ಟು ಬರುವುದೂ ಕೂಡದು.

ಗಾಳದ ವಿಷಯ ಕೇಳಿದವರಿಗೆ ಎರಡು ಮಾತು. ಮರಳು ದಡದಲ್ಲಿ, ಅಳಿವೆಯ ಅಂಚಿನಲ್ಲಿ ಸಿಕ್ಕುವುದು ಕಾಣೆ. ಅದರ ಬಾಯಿ ಸಣ್ಣದು, ಆದುದರಿಂದ ಸಣ್ಣ ಕೊಕ್ಕೆ, ಹಗುರ ಸೀಸ, ಸಿಗಡಿಯ ಚೂರು ಸಾಕು. ಬಂಡೆಯ ಸಂದಿನ ಮುರುಮೀನಿಗೆ ದಪ್ಪ ದಾರ ಬೇಕು. ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಸಿಕ್ಕರೆ ಬಿಟ್ಟುಬಿಡಿ, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ತೊರಕೆಯ ಬಾಲಕ್ಕೂ ಮೀಸೆಯ ಮೀನಿನ ಮುಳ್ಳಿಗೂ ಕೈ ಕೊಡಬೇಡಿ. ಚುಚ್ಚಿದರೆ, ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಆ ಭಾಗವನ್ನು ಮುಳುಗಿಸಿಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು. ಗಾಳಕ್ಕೆ ಹಾವು ಬಿದ್ದರೆ ದಾರವನ್ನೇ ಕತ್ತರಿಸಿ.

ಗಾಡಿಯಲ್ಲಿ ಮೀನು ಮಾರುವ ನಮ್ಮ ಸಣ್ಣ ವ್ಯಾಪಾರಿಗಳಿಗೂ ಈ ಪ್ರಕಟಣೆಗಳು ಉಪಯುಕ್ತ. ಮೂರು ದಿನ ಕಡಲಿಗಿಳಿಯಬಾರದೆಂದು ಎಚ್ಚರಿಕೆ ಹೊರಟರೆ, ನಾಲ್ಕನೆಯ ದಿನ ‘ಇವತ್ತಿನ ಬಂಗುಡೆ’ ಎಂದು ದಲ್ಲಾಳಿ ಕೊಡುವ ಪೆಟ್ಟಿಗೆಯಲ್ಲಿರುವುದು ಎಂದಿನದೆಂದು ಅವರೇ ಕೇಳಬಹುದು.

ಹಿಡಿದ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೈಕಿನ ಬಿಸಿಲಿಗೆ ನೇತುಹಾಕಿಕೊಂಡು ನಾಲ್ಕು ಗಂಟೆ ಘಟ್ಟ ಹತ್ತುವವರನ್ನೂ ನಾವು ನೋಡಿದ್ದೇವೆ. ಬಂಗುಡೆಯಂತಹ ಮೀನು ಹಾಗೆ ಬಿಸಿಯಲ್ಲಿ ಕುಳಿತರೆ ಅದರಲ್ಲಿ ಹುಟ್ಟುವ ನಂಜು ಹುರಿದರೂ ಹೋಗದು; ಮುಖ ಕೆಂಪೇರಿ, ಮೈ ತುರಿಸಿ, ಸೋಮವಾರದ ಪಾಳಿಯೂ ತಪ್ಪುತ್ತದೆ. ಹೊರಡುವಾಗ ಹೊನ್ನಾವರದಲ್ಲಿಯೇ ಹೊಟ್ಟೆ, ಕಿವಿರು ತೆಗೆಸಿ, ಒಂದು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮೀನಿಗೆ ಸಮತೂಕದ ಐಸು ತುಂಬಿಸಿಕೊಂಡು ಬನ್ನಿ.