ತೋಲ ತಪ್ಪುವ ಹಿರಿಯರು, ದೂರದಲ್ಲಿರುವ ನಾವು

ಊರು ಬಿಟ್ಟು ದುಡಿಯಲು ಬಂದವರು ಮನೆಗೆ ಫೋನ್ ಮಾಡಿದಾಗ ಹೇಳುವ ಮಾತುಗಳಲ್ಲಿ ಎರಡು ಖಾಯಂ. ‘ಗುಳಿಗಿ ತಪ್ಪಸಬ್ಯಾಡ ಅವ್ವಾ’ ಎನ್ನುವುದು ಒಂದು. ‘ಹೊರಗ ಅಡ್ಡಾಡಬ್ಯಾಡ, ಬೀಳ್ತಿ, ಸುಮ್ಮನ ಕುಂದರು’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಯಾವ ವೈದ್ಯರೂ ಬೇಡ ಅನ್ನುವುದಿಲ್ಲ. ಎರಡನೆಯದೂ ಪ್ರೀತಿಯಿಂದಲೇ ಬರುವ ಮಾತು, ಆದರೆ ಹಿರಿಯರನ್ನು ಬೀಳಿಸುವುದು ಅದೇ. ಸದಾ ಕೂತವರ ಕಾಲಿನ ಶಕ್ತಿ ಕುಂದುತ್ತದೆ, ಶಕ್ತಿ ಕುಂದಿದವರು ಬೀಳುತ್ತಾರೆ, ಬಿದ್ದವರು ಹೆದರಿ ಮತ್ತೆ ಕೂರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ವಯಸ್ಸಾದವರದು.

ನಾನಿರುವುದು ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯ ಬಿಡಕಿನ್‌ನಲ್ಲಿ. ಔರಿಕ್ ಕೈಗಾರಿಕಾ ನಗರದ ಒಂದು ಭಾಗ ಇದು. 2024ರಲ್ಲಿ ಬೆಂಗಳೂರಿನ ಏಥರ್, ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಎರಡೂ ಇಲ್ಲಿ ಕಾರ್ಖಾನೆ ಕಟ್ಟುವುದಾಗಿ ಹೇಳಿದ ಮೇಲೆ ‘ಬಿಡದಿಯಿಂದ ಬಿಡಕಿನ್‌ಗೆ’ ಎಂಬುದು ನಮ್ಮ ಕನ್ನಡಿಗರ ಗುಂಪಿನ ಜೋಕು. ನನ್ನೂರು ಇಂಡಿ ತಾಲ್ಲೂಕಿನಲ್ಲಿದೆ. ಸಂಭಾಜಿನಗರದ ಹೊರಗೆ ಸಿಗುವ 52ನೇ ಹೆದ್ದಾರಿ ಬೀಡ್, ಧಾರಾಶಿವ, ಸೊಲ್ಲಾಪುರ ದಾಟಿ ನೇರ ವಿಜಯಪುರಕ್ಕೇ ಹೋಗುತ್ತದೆ. 400 ಕಿಲೋಮೀಟರ್ ಆಸುಪಾಸು. ಅಮೆರಿಕದಲ್ಲಿರುವವರಿಗೆ ಹೋಲಿಸಿದರೆ ನಾವು ಓಣಿಯ ತುದಿಯಲ್ಲೇ ಇದ್ದೇವೆ. ಆದರೂ ಮನೆಯಲ್ಲಿ ಒಬ್ಬರಿಗೆ ಲಕ್ವಾ ಹೊಡೆದಾಗ, ದಿನಾ ಬೆಳಿಗ್ಗೆ ಕೈಹಿಡಿದು ನಡೆಸಲು ಅಲ್ಲಿರುವುದಿಲ್ಲ ಎನ್ನುವುದರಲ್ಲಿ ನಾವೂ ಅವರೂ ಒಂದೇ.

ಹೋದ ವರ್ಷ ನಮ್ಮ ದೊಡ್ಡಪ್ಪನಿಗೆ ಲಕ್ವಾ ಆಯಿತು. ಬಲಗೈ, ಬಲಗಾಲು. ಜೀವ ಉಳಿಯಿತು, ಅದಕ್ಕೆ ಆ ಆಸ್ಪತ್ರೆಯವರಿಗೆ ನಾವು ಋಣಿ. ಒಂಬತ್ತನೇ ದಿನ ಮನೆಗೆ ಕಳಿಸುವಾಗ ಗುಳಿಗೆಯ ಚೀಟಿಯ ಜೊತೆ ವ್ಯಾಯಾಮದ ಚಿತ್ರಗಳಿದ್ದ ಒಂದು ಝೆರಾಕ್ಸ್ ಹಾಳೆ ಕೊಟ್ಟರು. ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ನೋಡಿ ಮಾಡಿಸಬೇಕಾದವಳು 66 ವರ್ಷದ, ತನಗೇ ಮೊಣಕಾಲು ನೋವಿರುವ ದೊಡ್ಡವ್ವ. ಫಿಜಿಯೋಥೆರಪಿ ಬೇಕೆಂದರೆ ವಿಜಯಪುರಕ್ಕೆ ಒಂದೂವರೆ ತಾಸಿನ ಬಸ್ಸು. ಮೆಟ್ಟಿಲು ಹತ್ತುವುದನ್ನು ಕಲಿಯಬೇಕಾದ ಮನುಷ್ಯ ಮೊದಲು ಬಸ್ಸಿನ ಆ ಎತ್ತರದ ಮೆಟ್ಟಿಲು ಹತ್ತಬೇಕು! ಎರಡು ಸಲ ಜೀಪು ಮಾಡಿ ಹೋದರು, ಮೂರನೇ ಸಲ ಬಿಟ್ಟರು. ಎಣ್ಣೆ ತಿಕ್ಕುವವನು ಬರತೊಡಗಿದ, ಹಾಸಿಗೆ ಪಡಸಾಲೆಗೆ ಬಂತು. ಲಕ್ವಾ ಆದವರು ಅತಿ ಬೇಗ ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಆ ಮೂರು ತಿಂಗಳು ಹೀಗೆ ಹೋದವು.

ತೋಲ ಅಂದರೆ ಏನು? ಎಂಟೆಕ್‌ನಲ್ಲಿ ನಿಯಂತ್ರಣ ವ್ಯವಸ್ಥೆಗಳನ್ನು ಓದುವಾಗ ಎಲ್ಲರಿಗೂ ಒಂದು ಲೆಕ್ಕ ಕೊಡುತ್ತಾರೆ: ಅಂಗೈ ಮೇಲೆ ಕೋಲು ನೆಟ್ಟಗೆ ನಿಲ್ಲಿಸುವುದು. ಕೋಲು ಎತ್ತ ವಾಲಿತೆಂದು ತಿಳಿಯಬೇಕು, ಅಷ್ಟೇ ಬೇಗ ಕೈ ಅತ್ತ ಸರಿಯಬೇಕು. ಸುದ್ದಿ ತಡವಾದರೂ ಬಿತ್ತು, ಕೈ ತಡವಾದರೂ ಬಿತ್ತು. ನಿಂತ ಮನುಷ್ಯ ಅಂಥದೇ ಒಂದು ಕೋಲು. ಸುದ್ದಿ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳ ಅರಿವು. ವಯಸ್ಸಾದಂತೆ ಮೂರೂ ಮಬ್ಬಾಗುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಪಾದದ ಸುದ್ದಿ ಇನ್ನೂ ಮೊದಲೇ ಹೋಗುತ್ತದೆ. ಲಕ್ವಾದಲ್ಲಿ ಮೆದುಳಿನಿಂದ ಕಾಲಿಗೆ ಹೋಗುವ ಆಜ್ಞೆ ಕಡಿದಿರುತ್ತದೆ, ಪಾರ್ಕಿನ್ಸನ್ಸ್‌ನಲ್ಲಿ ಆಜ್ಞೆ ಹೊರಡುವುದೇ ನಿಧಾನ. ಆದರೆ ಮೆದುಳು ಯಂತ್ರದ ಹಾಗೆ ಒಮ್ಮೆ ಬರೆದಿಟ್ಟ ಪ್ರೋಗ್ರಾಂ ಅಲ್ಲ. ಉಳಿದಿರುವ ಸುದ್ದಿಯಲ್ಲೇ ಕೆಲಸ ನಡೆಸುವುದನ್ನು ಅದು ಹೊಸದಾಗಿ ಕಲಿಯಬಲ್ಲದು, ಕಲಿಸುವವರಿದ್ದರೆ.

ಕಲಿಸಿದರೆ ಎಷ್ಟು ಫಲ ಸಿಗುತ್ತದೆ ಎನ್ನುವುದಕ್ಕೆ ಈಗ ಗಟ್ಟಿ ಲೆಕ್ಕವಿದೆ. ಮನೆಗಳಲ್ಲಿರುವ ಹಿರಿಯರ ಮೇಲೆ ನಡೆದ 108 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಕೋಕ್ರೇನ್ ಸಂಸ್ಥೆ 2019ರಲ್ಲಿ ಒಂದು ಪರಾಮರ್ಶೆ ಪ್ರಕಟಿಸಿತು. ವ್ಯಾಯಾಮದಿಂದ ಬೀಳುವುದು ಶೇ 23ರಷ್ಟು ಕಡಿಮೆಯಾಗಿತ್ತು. ತೋಲವನ್ನೇ ಗುರಿಯಾಗಿಟ್ಟುಕೊಂಡ ವ್ಯಾಯಾಮಗಳು, ಅಂದರೆ ಒಂದರ ಮುಂದೆ ಒಂದು ಪಾದ ಇಟ್ಟು ನಿಲ್ಲುವುದು, ಕುರ್ಚಿಯಿಂದ ಕೈಯಾಸರೆ ಇಲ್ಲದೆ ಏಳುವುದು, ತಿರುಗುವುದು ಇಂಥವು, ಇದರಲ್ಲಿ ಮುಖ್ಯ. ‘ದಿನಾ ವಾಕಿಂಗ್ ಹೋಗ್ತೀವಿ’ ಎನ್ನುವವರಿಗೆ ಬೇಸರವಾಗಬಹುದು: ಬರೀ ನಡಿಗೆಯಿಂದ ಬೀಳುವುದು ತಪ್ಪುತ್ತದೆ ಎಂದು ಹೇಳಲು ಆ ಪರಾಮರ್ಶೆಗೆ ಸಾಕಷ್ಟು ಪುರಾವೆ ಸಿಗಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು ಬಂದ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ತೋಲಕ್ಕೆ ಸವಾಲೊಡ್ಡುವ ಅಭ್ಯಾಸ ವಾರಕ್ಕೆ ಮೂರು ತಾಸಿಗೂ ಹೆಚ್ಚು ಇದ್ದಲ್ಲಿ ಬೀಳುವುದು ಶೇ 39ರಷ್ಟು ಕಡಿಮೆ. ಸ್ವಲ್ಪ ಅಲುಗಾಡಬೇಕು, ಆದರೆ ಬೀಳಬಾರದು. ಸೈಕಲ್ ಕಲಿತದ್ದೂ ಹಾಗೇ ಅಲ್ಲವೆ, ಹಿಂದೆ ಸೀಟು ಹಿಡಿದವರಿದ್ದರು.

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ ಎನ್ನುವುದನ್ನು ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ತೋರಿಸಿದ್ದರು. ಫಿಜಿಯೋಥೆರಪಿಸ್ಟ್ ಅಥವಾ ತರಬೇತಿ ಪಡೆದ ನರ್ಸ್ ಮನೆಗೇ ಬಂದು ಕಾಲಿನ ಬಲ ಮತ್ತು ತೋಲದ ಅಭ್ಯಾಸ ಹೇಳಿಕೊಡುತ್ತಾರೆ. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಆಮೇಲೆ ಮತ್ತೆ ಬಂದು ನೋಡಿ, ಹಿಂದಿನದು ಸಲೀಸಾಗಿದ್ದರೆ ಇನ್ನಷ್ಟು ಕಷ್ಟದ್ದನ್ನು ಕೊಡುತ್ತಾರೆ. ನಾಲ್ಕು ಪ್ರಯೋಗಗಳ ಒಟ್ಟು ಲೆಕ್ಕದಲ್ಲಿ ಬೀಳುವುದು ಶೇ 35ರಷ್ಟು ತಗ್ಗಿತ್ತು. ನನ್ನ ಮಟ್ಟಿಗೆ ಈ ‘ಮತ್ತೆ ಬಂದು ನೋಡಿ’ ಎನ್ನುವುದೇ ಇಡೀ ವಿಷಯದ ತಿರುಳು.

ಹಾಗಾದರೆ ಮನೆಯವರೇ ಕಲಿತು ಮಾಡಿಸಿದರೆ ಆಗದೆ? ನಮ್ಮ ದೇಶದ ಪರಿಸ್ಥಿತಿಗೆ ಸಹಜವಾಗಿ ಹೊಳೆಯುವ ಉಪಾಯ ಅದು. ಅದನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿಯೂ ನೋಡಿದ್ದಾರೆ. 2014ರಿಂದ 2016ರವರೆಗೆ ಭಾರತದ 14 ಆಸ್ಪತ್ರೆಗಳಲ್ಲಿ 1,250 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ‘ಅಟೆಂಡ್’ ಎಂಬ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅರ್ಧದಷ್ಟು ರೋಗಿಗಳ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಶುರು ಮಾಡಿ, ಮನೆಗೆ ಹೋದ ಮೇಲೂ ಎರಡು ತಿಂಗಳವರೆಗೆ ಮುಂದುವರಿಸಿದರು. ಉಳಿದವರಿಗೆ ಮಾಮೂಲಿ ಆರೈಕೆ. ಆರು ತಿಂಗಳಾದ ಮೇಲೆ ಎರಡೂ ಗುಂಪಿನಲ್ಲಿ ಶೇ 47ರಷ್ಟು ಜನ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರ ಮೇಲೆ ಅವಲಂಬಿತರಾಗಿದ್ದರು. ಏನೂ ವ್ಯತ್ಯಾಸವಿಲ್ಲ. ಈ ಫಲಿತಾಂಶ ಓದಿದ ದಿನ ನನಗೆ ಒಂದು ರೀತಿ ಸಮಾಧಾನವೇ ಆಯಿತು. ದೊಡ್ಡವ್ವನಿಂದ ಆಗಲಿಲ್ಲ ಎಂದು ಬಂಧುಗಳು ಆಡಿಕೊಂಡದ್ದುಂಟು. ಆಕೆಗೆ ಝೆರಾಕ್ಸ್ ಹಾಳೆ ಮಾತ್ರ ಸಿಕ್ಕಿತ್ತು. ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ತರಬೇತಿ ಸಿಕ್ಕ ಮನೆಗಳಲ್ಲೂ ಆಗಿರಲಿಲ್ಲ.

ಆ ಅಧ್ಯಯನದಿಂದ ‘ಪುನಶ್ಚೇತನ ವ್ಯರ್ಥ’ ಎಂಬ ಅರ್ಥ ತೆಗೆಯುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಪರಿಣತರ ಕೆಲಸವನ್ನು ಹೆಂಡತಿ, ಸೊಸೆ, ಮಗಳ ತಲೆಗೆ ಕಟ್ಟಿದರೆ ವೆಚ್ಚ ಉಳಿಯಬಹುದು, ಫಲ ಬರುವುದಿಲ್ಲ ಎನ್ನುವುದಷ್ಟೇ ಅದರ ಪಾಠ.

ಸಂಶೋಧಕರ ಮೇಲೂ ನನ್ನದೊಂದು ತಕರಾರಿದೆ. ತೋಲ ಅಳೆಯಲು ಜಗತ್ತೆಲ್ಲ ಬಳಸುವ ಬರ್ಗ್ ಮಾಪಕದಲ್ಲಿ 14 ಪರೀಕ್ಷೆಗಳಿವೆ, ಒಟ್ಟು 56 ಅಂಕ. ಕುರ್ಚಿಯಿಂದ ಎದ್ದೇಳಿ, ಕಣ್ಣು ಮುಚ್ಚಿ ನಿಲ್ಲಿ, ನೆಲದ ಮೇಲಿನ ವಸ್ತು ಎತ್ತಿ, ಒಂಟಿ ಕಾಲಲ್ಲಿ ನಿಲ್ಲಿ. ನೆಲಕ್ಕೆ ಕೂತು ಏಳುವುದು ಅದರಲ್ಲಿಲ್ಲ. ನಮ್ಮ ಕಡೆಯ ಹೆಂಗಸೊಬ್ಬಳ ದಿನ ನೋಡಿ: ರೊಟ್ಟಿ ಬಡಿಯಲು ನೆಲಕ್ಕೆ ಕೂರಬೇಕು, ಊಟಕ್ಕೆ ನೆಲಕ್ಕೆ, ಪೂಜೆಗೆ ನೆಲಕ್ಕೆ, ಪಾಯಖಾನೆಯಲ್ಲಿ ಕುಕ್ಕರಗಾಲು, ಹೊಸ್ತಿಲು ದಾಟಬೇಕು, ಕಟ್ಟೆ ಹತ್ತಬೇಕು. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆಯಾಗಿದೆ, ಆದರೆ ಬಸ್ಸಿನ ಮೆಟ್ಟಿಲು ತಗ್ಗಿಲ್ಲ. ಬರ್ಗ್‌ನಲ್ಲಿ 50 ಅಂಕ ಪಡೆದ ಅಜ್ಜಿ ತನ್ನದೇ ಅಡುಗೆಮನೆಯಲ್ಲಿ ಪರಾವಲಂಬಿ ಆಗಿರಬಹುದು. ಬ್ರೆಜಿಲ್‌ನ ವೈದ್ಯರ ತಂಡವೊಂದು 2012ರಲ್ಲಿ 51ರಿಂದ 80 ವರ್ಷದ 2,002 ಜನರಲ್ಲಿ ನೆಲಕ್ಕೆ ಕೂತು ಏಳುವ ಪರೀಕ್ಷೆ ಮಾಡಿ, ಅದರಲ್ಲಿ ಕಡಿಮೆ ಅಂಕ ಪಡೆದವರು ಬೇಗ ಸಾಯುವ ಸಂಭವ ಹೆಚ್ಚೆಂದು ಕಂಡುಕೊಂಡಿತು. ನೆಲದ ಮೇಲೆ ಬದುಕುವ ನಾವು ಮಾಡಬೇಕಾಗಿದ್ದ ಸಂಶೋಧನೆ ಅದು.

ನನ್ನ ಕಸುಬಿನವರ ಬಗ್ಗೆಯೂ ಹೇಳಬೇಕು. ಊರಿಗೆ ಹೋಗಲಾಗದ ಸಂಕಟಕ್ಕೆ ನಾವು ಕಂಡುಕೊಂಡ ಪರಿಹಾರ ಸಾಮಾನು ಕಳಿಸುವುದು. ಸಿಸಿ ಕ್ಯಾಮೆರಾ, ವಾಚು, ಆ್ಯಪು. 2018ರಿಂದ ಆ್ಯಪಲ್ ವಾಚಿನಲ್ಲಿ ಬಿದ್ದದ್ದನ್ನು ಗುರುತಿಸುವ ಸೌಲಭ್ಯವಿದೆ. ಅದರೊಳಗಿನ ಚಲನೆ ಅಳೆಯುವ ಚಿಪ್ಪಿನ ತಮ್ಮಂದಿರ ಜೊತೆಯೇ ನನ್ನ ದಿನಗೆಲಸ, ವಾಹನಗಳಲ್ಲಿ. ಒಳ್ಳೆಯ ಚಿಪ್ಪು, ಸುಳ್ಳು ಹೇಳುವುದಿಲ್ಲ. ಆದರೆ ಬಿದ್ದ ಮೇಲೆ ಸುದ್ದಿ ಕೊಡುವುದು ಬೇರೆ, ಬೀಳದಂತೆ ಕಾಲಿಗೆ ಕಲಿಸುವುದು ಬೇರೆ. ಬಿಡಕಿನ್‌ನಲ್ಲಿ ಕೂತ ನನಗೆ ಇಂಡಿಯಲ್ಲಿ ಅವ್ವ ಬಿದ್ದಳೆಂದು ಎರಡು ಸೆಕೆಂಡಿನಲ್ಲಿ ತಿಳಿದರೆ ಎಂಟು ತಾಸಿನ ದಾರಿ ಎರಡು ಸೆಕೆಂಡಿಗೆ ಇಳಿಯುವುದಿಲ್ಲ. ಕಡಿಮೆ ಖರ್ಚಿನ ಒಳ್ಳೆಯ ಉಪಾಯಗಳು ಬರುವುದು ಹತ್ತಿರ ಕೂತು ನೋಡಿದವರಿಂದ. ಪುಣೆಯ ವಿನ್ಯಾಸಗಾರ್ತಿ ಮಿಲೇಹಾ ಸೋನೇಜಿ, ಪಾರ್ಕಿನ್ಸನ್ಸ್ ಇದ್ದ ತಮ್ಮ ಚಿಕ್ಕಪ್ಪ ಸಮತಟ್ಟು ನೆಲದಲ್ಲಿ ತಡವರಿಸಿ ನಿಂತುಬಿಟ್ಟರೂ ಮೆಟ್ಟಿಲನ್ನು ಸಲೀಸಾಗಿ ಇಳಿಯುವುದನ್ನು ಗಮನಿಸಿದರು. ನೆಲದ ಮೇಲೇ ಮೆಟ್ಟಿಲಿನಂತೆ ಕಾಣುವ ಚಿತ್ರ ಹಾಸಿದರು. ಅವರು ಅದರ ಮೇಲೆ ನಡೆದರು. ಚಿಪ್ಪೂ ಇಲ್ಲ, ಆ್ಯಪೂ ಇಲ್ಲ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಬೇಕಾದ ವಿದ್ಯೆಗೆ ಕೊರತೆಯಿಲ್ಲ. ನಿಮ್ಹಾನ್ಸ್‌ನಲ್ಲಿ ನರವೈಜ್ಞಾನಿಕ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. 2022ರಲ್ಲಿ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಮೂರು ಜಿಲ್ಲೆಗಳಲ್ಲಿದ್ದು ಆಮೇಲೆ ವಿಸ್ತರಿಸಿತು. ಬೆಳಗಾವಿಯ ಕೆಎಲ್ಇ, ಧಾರವಾಡದ ಎಸ್‌ಡಿಎಂ ಫಿಜಿಯೋಥೆರಪಿ ಕಾಲೇಜುಗಳಿಂದ ಪ್ರತಿವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆದು ಹೊರಬರುತ್ತಾರೆ. ಇಷ್ಟೆಲ್ಲ ಇದ್ದೂ ರೋಗ ಗುರುತಿಸುವ ತನಕ ದಾರಿ ಇದೆ, ಗುರುತಿಸಿದ ಮೇಲೆ ತಾಲ್ಲೂಕಿನಲ್ಲಿ ಕೈಹಿಡಿದು ನಡೆಸುವವರಿಲ್ಲ.

ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಎಂಬ ಏರ್ಪಾಡು ಮಾತ್ರ ನಮ್ಮ ರಾಜ್ಯದಲ್ಲಿ ಆಗಲೇ ಇದೆ, ವಿಕಲಚೇತನರ ಇಲಾಖೆಯ ಅಡಿಯಲ್ಲಿ. ಬಹುತೇಕ ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಪಿಂಚಣಿ ಅರ್ಜಿ, ಗುರುತಿನ ಚೀಟಿಯ ಓಡಾಟದಲ್ಲೇ ಅವರ ದಿನ ಮುಗಿಯುತ್ತದೆ. ತಾಲ್ಲೂಕಿಗೊಬ್ಬ ಕಾಯಂ ಫಿಜಿಯೋಥೆರಪಿಸ್ಟ್ ಇದ್ದು, ಅವರ ಉಸ್ತುವಾರಿಯಲ್ಲಿ ಈ ಕಾರ್ಯಕರ್ತರು ವಾರಕ್ಕೆರಡು ಸಲ ಮನೆಗೆ ಹೋಗಿ ಅಭ್ಯಾಸ ಮಾಡಿಸಿದರೆ ಹೇಗೆ? ಗೌರವಧನ ಹೆಚ್ಚಿಸದೆ ಈ ಹೊರೆ ಹೊರಿಸುವುದಂತೂ ಅನ್ಯಾಯ. ಫಲ ಸಿಗುತ್ತದೆಂದು ಈಗಲೇ ಹೇಳಲಾಗದು, ‘ಅಟೆಂಡ್’ ನಮಗೆ ಆ ಎಚ್ಚರ ಕಲಿಸಿದೆ. ಹತ್ತು ತಾಲ್ಲೂಕುಗಳಲ್ಲಿ ಮಾಡಿ, ಹತ್ತರಲ್ಲಿ ಬಿಟ್ಟು, ಒಂದು ವರ್ಷ ಲೆಕ್ಕವಿಟ್ಟು ನೋಡಬೇಕಾದ ವಿಷಯ. ಮೇಲೆ ಹೇಳಿದ ಸಂಸ್ಥೆಗಳು ಕೈ ಜೋಡಿಸಿದರೆ ಹೊರದೇಶದ ಅನುದಾನವೂ ಬೇಕಿಲ್ಲ.

‘ತಂದೆ ತಾಯಿಯನ್ನು ಇಲ್ಲಿಗೇ ಕರಕೊಂಡು ಬನ್ನಿ’ ಎನ್ನುವ ಸಹೋದ್ಯೋಗಿಗಳಿದ್ದಾರೆ. ಕೆಲವರಿಗೆ ಅದೇ ಸರಿಹೋಗಬಹುದು. ನಮ್ಮ ಅವ್ವ ಗಡಿಯವಳು, ಮರಾಠಿಯಲ್ಲಿ ಬಾಜಾರ ಮಾಡಬಲ್ಲಳು. ಮಂಡ್ಯದ ಗೆಳೆಯನ ತಾಯಿಗೆ ಇಲ್ಲಿಯ ಫಿಜಿಯೋಥೆರಪಿಸ್ಟ್ ‘ಡಾವ್ಯಾ ಪಾಯಾವರ್ ಭಾರ್ ದ್ಯಾ’ ಅಂದರೆ, ಎಡಗಾಲ ಮೇಲೆ ಭಾರ ಹಾಕಬೇಕೆಂದು ತಿಳಿಯುವಷ್ಟರಲ್ಲಿ ಆಯ ತಪ್ಪಿರುತ್ತದೆ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕಟ್ಟೆಯೂ ಇಲ್ಲ, ಮಾತಾಡಿಸುವವರೂ ಇಲ್ಲ. ಅಲ್ಲೂ ಕೂತೇ ಇರುತ್ತಾರೆ.

ಆದ್ದರಿಂದ ಸರ್ಕಾರದ ದಾರಿ ಕಾಯುತ್ತಲೇ ನಾವು ಒಂದು ಕೆಲಸ ಮಾಡಬಹುದು. ಊರ ಹೊರಗಿರುವವರಿಂದ ಮಹಾದ್ವಾರಕ್ಕೆ, ಜಾತ್ರೆಗೆ ಪಟ್ಟಿ ಎತ್ತುತ್ತಾರೆ, ಕೊಡುತ್ತೇವೆ, ಕೊಡಲಿ. ಅದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫಿಜಿಯೋಥೆರಪಿಸ್ಟ್ ಒಬ್ಬರ ಸಂಬಳಕ್ಕೂ ಪಟ್ಟಿ ಎತ್ತಬಹುದು. ನಮ್ಮೂರಲ್ಲೂ ಸುತ್ತಲ ಎರಡು ಊರಲ್ಲೂ ಲಕ್ವಾ, ಪಾರ್ಕಿನ್ಸನ್ಸ್, ತೊಡೆಮೂಳೆ ಮುರಿತ ಅಂತ ಲೆಕ್ಕ ಹಾಕಿದಾಗ ಹದಿನೇಳು ಮನೆ ಸಿಕ್ಕವು. ಒಂಬತ್ತು ಮನೆಯ ಮಕ್ಕಳು ಪುಣೆ, ಬೆಂಗಳೂರು, ಸಂಭಾಜಿನಗರದಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಆರು ಜನ ತಿಂಗಳಿಗೆ ಎರಡು ಸಾವಿರದಂತೆ ಕೊಡಲು ಒಪ್ಪಿದ್ದಾರೆ. ವಿಜಯಪುರದಿಂದ ಮಂಗಳವಾರ, ಶುಕ್ರವಾರ ಬರಲು ಒಬ್ಬ ಹುಡುಗಿ ತಯಾರಿದ್ದಾಳೆ. ಈಗ ತೊಡಕಿರುವುದು ಸಂಜೆ ಆಕೆ ವಾಪಸ್ ಹೋಗುವ ಬಸ್ಸಿನದು, ಐದೂವರೆಯದು ತಪ್ಪಿದರೆ ಮುಂದಿನದು ಎಂಟಕ್ಕೆ. ಡಿಪೊ ಮ್ಯಾನೇಜರಿಗೆ ಅರ್ಜಿ ಬರೆದಿದ್ದೇವೆ.