ನೂಡಲ್ಸ್ ಬೇಡ ಅನ್ನಬೇಡಿ, ಎಳ್ಳು-ಕಡಲೆಕಾಯಿ ಹಾಕಿ ಕೊಡಿ

ಸ್ಕೂಲಿಂದ ಬಂದ ಮಕ್ಕಳು ನೂಡಲ್ಸ್ ಕೇಳಿದರೆ ಬೈಯುವವರ ಪೈಕಿ ನಾನಲ್ಲ. ಉದ್ದುದ್ದ ಎಳೆ, ಹುಳಿ-ಖಾರದ ರುಚಿ, ಬೇಗ ತಟ್ಟೆಗೆ ಬರುತ್ತೆ. ತಪ್ಪೇನಿದೆ? ನನ್ನ ತಕರಾರೆಲ್ಲ ಮೈದಾ ಎಳೆ ಮತ್ತು ಉಪ್ಪು ತುಂಬಿದ ಮಸಾಲೆ ಪೊಟ್ಟಣದ ಮೇಲೆ. ರಾಗಿ, ಎಳ್ಳು, ಕಡಲೆಕಾಯಿ ಮೂರೂ ನಮ್ಮ ಬಯಲುಸೀಮೆಯ ಬೆಳೆ. ಅವುಗಳಿಂದಲೇ ಈ ತಿಂಡಿ ಆಗುತ್ತದೆ.

ಯಲಹಂಕ, ಹೆಬ್ಬಾಳದ ಕಡೆಯ ನಮಗೆ ಎಳ್ಳು ನೆನಪಾಗೋದು ಸಂಕ್ರಾಂತಿಗೆ, ಕಡಲೆಕಾಯಿ ನೆನಪಾಗೋದು ಕಾರ್ತಿಕದ ಕಡೇ ಸೋಮವಾರ ಬಸವನಗುಡಿ ಪರಿಷೆಗೆ. ಮಿಕ್ಕ ದಿನ ಎಣ್ಣೆ ಡಬ್ಬಿ ಕೊಳ್ಳುವಾಗ ಅಷ್ಟೇ. ಮಳೆ ನಂಬಿ ಪಾವಗಡ, ಚಳ್ಳಕೆರೆ ಕಡೆ ಕಡಲೆಕಾಯಿ ಹಾಕುವ ರೈತನಿಗೆ ಎಣ್ಣೆ ಮಿಲ್ಲಿನ ದರವೇ ಗತಿ ಆಗಬಾರದು ಅಂದರೆ ಕಾಳು ವಾರಕ್ಕೊಮ್ಮೆಯಾದರೂ ಪಟ್ಟಣದ ರಾತ್ರಿ ಊಟಕ್ಕೆ ಬರಬೇಕು ಅನ್ನೋದು ನನ್ನ ವಾದ.

ನಾಲ್ಕು ಜನಕ್ಕೆ 200 ಗ್ರಾಂ ರಾಗಿ ಶಾವಿಗೆ ಸಾಕು. ಕೊಳ್ಳುವಾಗ ಪೊಟ್ಟಣದ ಹಿಂಭಾಗ ಓದಿ, ಹೆಸರಿಗೆ ರಾಗಿ ಅಂತಿದ್ದು ಒಳಗೆ ಮೈದಾ ಬೆರೆತಿರುವುದೂ ಉಂಟು. ಅರ್ಧ ಲೋಟ ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆಯಿರಿ. ಎರಡು ದೊಡ್ಡ ಚಮಚ ಎಳ್ಳನ್ನು ಬೇರೆಯಾಗಿಯೇ ಹುರಿಯಿರಿ. ಚಟಪಟ ಅಂದ ಕೂಡಲೇ ಇಳಿಸಿಬಿಡಿ, ಸೀದರೆ ಕಹಿ. ಇವಕ್ಕೆ ಎರಡು ಎಸಳು ಬೆಳ್ಳುಳ್ಳಿ, ಮೂರು ಬ್ಯಾಡಗಿ ಮೆಣಸಿನಕಾಯಿ, ಗೋಲಿ ಗಾತ್ರದ ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು ಸೇರಿಸಿ, ಬಿಸಿನೀರು ಹಾಕುತ್ತಾ ದೋಸೆ ಹಿಟ್ಟಿನ ಹದಕ್ಕೆ ರುಬ್ಬಿ. ಪುಟ್ಟ ಮಕ್ಕಳಿದ್ದರೆ ಒಂದೇ ಮೆಣಸಿನಕಾಯಿ.

ಶಾವಿಗೆಯನ್ನು ಕುದಿಯುವ ನೀರಿಗೆ ಹಾಕಬೇಡಿ, ಗಂಜಿ ಆಗುತ್ತೆ. ಉಪ್ಪು ಹಾಕಿದ ತಣ್ಣೀರಲ್ಲಿ ಮೂರು ನಿಮಿಷ ನೆನೆಸಿ, ಬಸಿದು, ಇಡ್ಲಿ ಪಾತ್ರೆಯಲ್ಲಿ ಐದು ನಿಮಿಷ ಹಬೆಗಿಟ್ಟರೆ ಎಳೆ ಎಳೆಯಾಗಿ ಬರುತ್ತದೆ. ಅಷ್ಟರಲ್ಲಿ ಕ್ಯಾರೆಟ್, ಬೀನ್ಸ್, ಕೋಸು, ದಪ್ಪ ಮೆಣಸಿನಕಾಯನ್ನು ಸಣ್ಣಗೆ ಉದ್ದಕ್ಕೆ ಹೆಚ್ಚಿ ಜೋರು ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬಾಡಿಸಿ. ತರಕಾರಿ ಕರುಕುರು ಅನ್ನುವಂತಿರಲಿ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಆ ದಿನ ಯಾವುದು ತಾಜಾ ಇದೆಯೋ ಅದೇ ಸರಿ, ಪಟ್ಟಿ ಹಿಡಿದು ಹೋಗಬೇಕಿಲ್ಲ. ಅವರೆಕಾಳಿನ ಕಾಲದಲ್ಲಿ ಒಂದು ಹಿಡಿ ಬೇಯಿಸಿದ ಅವರೆಕಾಳು ಸೇರಿದರಂತೂ ಕೇಳೋದೇ ಬೇಡ! ಒಲೆ ಆರಿಸಿದ ಮೇಲೆ ರುಬ್ಬಿದ್ದನ್ನು ಬೆರೆಸಿ, ಮೇಲೆ ಸೌತೆಕಾಯಿ, ಕೊತ್ತಂಬರಿ. ಕಡಲೆಕಾಯಿ ಅಥವಾ ಎಳ್ಳು ಕೆಲವು ಮಕ್ಕಳಿಗೆ ಅಲರ್ಜಿ, ಮನೆಗೆ ಬಂದ ಗೆಳೆಯರಿಗೂ ಬಡಿಸುವ ಮುಂಚೆ ಕೇಳಿಕೊಳ್ಳಿ.

100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ರಾಗಿಯಲ್ಲಿ ಸುಣ್ಣದಂಶ ಧಾರಾಳ. ಆದರೆ ಕಾಳು ಚೆನ್ನಾಗಿರಬೇಕು. ಬೂಷ್ಟು ಹಿಡಿದ, ಸುಕ್ಕಾದ, ಬಣ್ಣ ಕೆಟ್ಟ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ಹುರಿದರೆ ಹೋಗಿಬಿಡುತ್ತೆ ಅಂತ ಅನೇಕರು ನಂಬಿದ್ದಾರೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಆರಿಸಿ ಬಿಸಾಡಿ, ದನಕ್ಕೂ ಹಾಕಬೇಡಿ.

ಬೆಳೆಯುವವರಿಗೆ ಒಂದು ಮಾತು. ಪಟ್ಟಣದ ತಾಯಂದಿರು ಕಾಳು ನೋಡಿ ದುಡ್ಡು ಕೊಡ್ತಾರೆ, ಹಾಗಾಗಿ ಒಣಗಿಸುವುದರಲ್ಲಿ ಅವಸರ ಬೇಡ. ತೇವಾಂಶ ಶೇ. 8ರ ಆಸುಪಾಸಿಗೆ ಇಳಿಯಬೇಕು. ಕಾಯಿ ಅಲುಗಿಸಿದಾಗ ಒಳಗೆ ಬೀಜ ಗಲಗಲ ಅನ್ನಬೇಕು. ಮಳೆಯಲ್ಲಿ ನೆಂದ ಕಾಯನ್ನು ಒಳ್ಳೆಯದರ ಜೊತೆ ಬೆರೆಸಬೇಡಿ. ಸುಲಿದು, ಆರಿಸಿ, ಅರ್ಧ ಕೆಜಿ ಪೊಟ್ಟಣ ಕಟ್ಟಿ ರೈತ ಗುಂಪಿನ ಮೂಲಕ ಅಪಾರ್ಟ್‌ಮೆಂಟ್‌ಗಳಿಗೆ ನೇರ ತಲುಪಿಸುವ ಲೆಕ್ಕ ಹಾಕಿ ನೋಡಿ. ಎಳ್ಳು-ಕಡಲೆಕಾಯಿ ಹುರಿದು ಪುಡಿ ಮಾಡಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಎಣ್ಣೆ ಅಂಶ ಹೆಚ್ಚಿರುವುದರಿಂದ ಪುಡಿ ಬೇಗ ಕಮಟು ಹಿಡಿಯುತ್ತೆ, ಆರ್ಡರ್ ಬಂದಷ್ಟೇ ಹುರಿಯಿರಿ.